ಆಟಿಸಂ: ಹೆಸರುಗಳು ಬದಲಾಗುತ್ತಿರುವುದೇಕೆ?

ವೈಟ್‌ಫೀಲ್ಡ್‌ಗೆ ಹೋಗುವ ದಾರಿಯಲ್ಲಿರುವ ಹೂಡಿ ಒಂದು ಕಾಲದಲ್ಲಿ ಬೆಂಗಳೂರಿನ ಹೊರಗಿದ್ದ ಹಳ್ಳಿ. ಇಂದು ಅಲ್ಲಿ ಐಟಿ ಕಂಪೆನಿಗಳ ಉದ್ಯೋಗಿಗಳು, ಕಾರ್ಖಾನೆಯ ಕಾರ್ಮಿಕರು, ಕಟ್ಟಡ ಕೆಲಸಕ್ಕಾಗಿ ಬಂದವರು, ಕ್ಯಾಬ್ ಚಾಲಕರು ಅಕ್ಕಪಕ್ಕದಲ್ಲೇ ಬದುಕುತ್ತಿದ್ದಾರೆ. ಅನೇಕ ಮನೆಗಳಲ್ಲಿ ಇರುವುದು ಗಂಡ, ಹೆಂಡತಿ ಮತ್ತು ಮಕ್ಕಳು ಮಾತ್ರ. ಮಗು ಮಾತನಾಡಲು ತಡವಾದರೆ ಪಕ್ಕದಲ್ಲಿ ಕೂತು ಹೇಳಲು ಅಜ್ಜಿಯಿಲ್ಲ. ಊರಿಗೆ ಫೋನ್ ಮಾಡಿದರೆ, "ಅವನ ಅಪ್ಪನೂ ತಡವಾಗಿಯೇ ಮಾತಾಡಿದ್ದು, ಹೆದರಬೇಡ" ಎಂಬ ಸಮಾಧಾನ ಸಿಗುತ್ತದೆ. ಆ ಸಮಾಧಾನದಲ್ಲೇ ವರ್ಷ ಕಳೆದುಹೋಗುತ್ತದೆ.

ಕೊನೆಗೆ ವೈದ್ಯರ ಬಳಿಗೆ ಹೋದಾಗ ಎದುರಾಗುವ ಮೊದಲ ತೊಡಕು ರೋಗದ್ದಲ್ಲ, ಹೆಸರಿನದ್ದು. ಒಬ್ಬರು ಒಂದು ಹೆಸರು ಹೇಳಿದರೆ ಇನ್ನೊಬ್ಬರು ಮತ್ತೊಂದನ್ನು ಬರೆದುಕೊಡುತ್ತಾರೆ. ಹತ್ತು ವರ್ಷಗಳ ಹಿಂದೆ ಬರೆದ ಹೆಸರು ಈಗ ಪುಸ್ತಕದಲ್ಲೇ ಇಲ್ಲ ಎನ್ನುತ್ತಾರೆ. ಹೆತ್ತವರಿಗೆ ಯಾರನ್ನು ನಂಬಬೇಕೆಂದು ತಿಳಿಯುವುದಿಲ್ಲ. ಈ ಹೆಸರುಗಳು ಎಲ್ಲಿಂದ ಬಂದವು, ಏಕೆ ಬದಲಾದವು, ಅದರಿಂದ ನಮ್ಮ ಮಕ್ಕಳಿಗೆ ಆಗುವುದೇನು ಎಂಬುದನ್ನು ತಿಳಿದುಕೊಳ್ಳುವುದು ಅದಕ್ಕಾಗಿಯೇ ಅಗತ್ಯ.

ಒಂದು ಫೈಲು, ಮೂರು ಹೆಸರು

ಉದಾಹರಣೆಗೆ, 2010ರಲ್ಲಿ ಹುಟ್ಟಿದ ಒಬ್ಬ ಹುಡುಗನನ್ನು ಊಹಿಸಿಕೊಳ್ಳೋಣ. ಮೂರನೇ ವಯಸ್ಸಿಗೆ ಆಸ್ಪತ್ರೆಗೆ ಕರೆದೊಯ್ದಾಗ ಚೀಟಿಯಲ್ಲಿ 'ಪಿಡಿಡಿ' ಎಂದು ಬರೆದರು. 2015ರಲ್ಲಿ ಅಂಗವಿಕಲರ ಪ್ರಮಾಣಪತ್ರಕ್ಕೆ ಹೋದಾಗ 'ಬುದ್ಧಿಮಾಂದ್ಯತೆ' ಎಂದು ಬರೆದುಕೊಟ್ಟರು. 2019ರಲ್ಲಿ ಇನ್ನೊಂದು ಕಡೆ ತೋರಿಸಿದಾಗ 'ಆಟಿಸಂ ಸ್ಪೆಕ್ಟ್ರಂ ಡಿಸಾರ್ಡರ್, ಜೊತೆಗೆ ಎಡಿಎಚ್‌ಡಿ' ಎಂಬ ವರದಿ ಬಂತು. ಮಗುವಿಗೆ ಮೂರು ಕಾಯಿಲೆಗಳಿವೆಯೋ, ಮೂವರಲ್ಲಿ ಇಬ್ಬರು ಸುಳ್ಳು ಹೇಳಿದರೋ ಎಂದು ತಂದೆತಾಯಿ ಗೊಂದಲಕ್ಕೆ ಬೀಳುತ್ತಾರೆ. ಇನ್ನಷ್ಟು ಹಗುರವಾದ ಹೆಸರು ಹೇಳುವ ಡಾಕ್ಟರು ಸಿಗಬಹುದೆಂಬ ಆಸೆಯಿಂದ ನಾಲ್ಕನೆಯವರನ್ನು ಹುಡುಕುತ್ತಾರೆ.

ವಾಸ್ತವದಲ್ಲಿ ಆ ಮೂರೂ ಕಾಗದಗಳು ಆಯಾ ಕಾಲದ ನಿಯಮದಂತೆ ಸರಿಯಾಗಿಯೇ ಇರಬಹುದು. ಬದಲಾದದ್ದು ವೈದ್ಯರ ಪುಸ್ತಕ ಮತ್ತು ಸರಕಾರದ ಕಾನೂನು.

ಹೆಸರು ಹುಟ್ಟಿದ ಬಗೆ

'ಆಟಿಸಂ' ಎಂಬ ಪದ ಮೊದಲು ಬಂದದ್ದು ಮಕ್ಕಳಿಗಾಗಿ ಅಲ್ಲ. ಗ್ರೀಕ್ ಭಾಷೆಯಲ್ಲಿ 'ಆಟೋಸ್' ಎಂದರೆ 'ತಾನು'. 20ನೇ ಶತಮಾನದ ಆರಂಭದಲ್ಲಿ ಸ್ವಿಟ್ಜರ್‌ಲೆಂಡಿನ ಮನೋವೈದ್ಯ ಯೂಜೆನ್ ಬ್ಲಾಯ್ಲರ್ ಅವರು ಸ್ಕಿಜೋಫ್ರೇನಿಯಾ ಇರುವ ವಯಸ್ಕರು ತಮ್ಮೊಳಗೇ ಮುಳುಗಿ ಹೋಗುವುದನ್ನು ಈ ಪದದಿಂದ ಸೂಚಿಸಿದರು. ಕನ್ನಡದಲ್ಲಿ ಬಳಕೆಯಲ್ಲಿರುವ 'ಸ್ವಲೀನತೆ' ಎಂಬ ಪದವೂ ಇದೇ ಅರ್ಥದಿಂದ ಬಂದದ್ದು.

1943ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿದ್ದ ಡಾ. ಲಿಯೋ ಕ್ಯಾನರ್ 11 ಮಕ್ಕಳ ಕುರಿತು ಒಂದು ಲೇಖನ ಬರೆದರು. ಆ ಮಕ್ಕಳು ಜನರೊಂದಿಗೆ ಬೆರೆಯುತ್ತಿರಲಿಲ್ಲ, ಕೇಳಿದ ಮಾತನ್ನೇ ಮತ್ತೆ ಮತ್ತೆ ಹೇಳುತ್ತಿದ್ದರು, ದಿನಚರಿ ಸ್ವಲ್ಪ ಬದಲಾದರೂ ಕಂಗಾಲಾಗುತ್ತಿದ್ದರು. ಇದು ಬೇರೆಯೇ ಒಂದು ಸ್ಥಿತಿ ಎಂದು ಅವರು ಗುರುತಿಸಿದರು. ಮರುವರ್ಷ, ಅಂದರೆ 1944ರಲ್ಲಿ, ವಿಯೆನ್ನಾದ ಹಾನ್ಸ್ ಆಸ್ಪರ್ಗರ್ ಚೆನ್ನಾಗಿ ಮಾತನಾಡಬಲ್ಲ, ಆದರೆ ಇತರರೊಂದಿಗೆ ಹೊಂದಿಕೊಳ್ಳಲಾರದ ಮಕ್ಕಳ ಬಗ್ಗೆ ಬರೆದರು.

ಆದರೆ ವೈದ್ಯರ ಪಟ್ಟಿಗೆ ಆಟಿಸಂ ತಕ್ಷಣ ಸೇರಲಿಲ್ಲ. ಅಮೆರಿಕದ ಮನೋವೈದ್ಯರ ಸಂಘವು ಹೊರತರುವ ಡಿ.ಎಸ್.ಎಂ. ಎಂಬ ಕೈಪಿಡಿಯನ್ನು ಲೋಕದ ಅನೇಕ ಕಡೆ ಅನುಸರಿಸುತ್ತಾರೆ. ಅದರ 1952 ಮತ್ತು 1968ರ ಆವೃತ್ತಿಗಳಲ್ಲಿ ಇಂಥ ಮಕ್ಕಳನ್ನು 'ಬಾಲ್ಯದ ಸ್ಕಿಜೋಫ್ರೇನಿಯಾ'ದ ಗುಂಪಿಗೆ ಸೇರಿಸಲಾಗಿತ್ತು. ಆಟಿಸಂಗೆ ಸ್ವಂತ ಹೆಸರು ಸಿಕ್ಕಿದ್ದು 1980ರಲ್ಲಿ. ಕ್ಯಾನರ್ ಲೇಖನ ಬಂದು ಆಗಲೇ 37 ವರ್ಷ ಕಳೆದಿತ್ತು.

ತಾಯಂದಿರ ಮೇಲೆ ಹೊರಿಸಿದ ತಪ್ಪು

ಆ ಅವಧಿಯಲ್ಲಿ ಇನ್ನೊಂದು ಹೆಸರೂ ಚಾಲ್ತಿಗೆ ಬಂತು. ಅದು ಮಗುವಿಗೆ ಕೊಟ್ಟ ಹೆಸರಲ್ಲ, ತಾಯಿಗೆ ಕೊಟ್ಟದ್ದು: 'ರೆಫ್ರಿಜರೇಟರ್ ಮದರ್'. ಪ್ರೀತಿಯಿಲ್ಲದ, ಮಂಜಿನಂತೆ ತಣ್ಣಗಿರುವ ತಾಯಿಯಿಂದಾಗಿ ಮಗು ತನ್ನೊಳಗೆ ಮುದುಡಿಕೊಳ್ಳುತ್ತದೆ ಎಂಬುದು ಅದರ ಅರ್ಥ. ಬ್ರೂನೋ ಬೆಟೆಲ್‌ಹೈಮ್ 1967ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಈ ವಿಚಾರಕ್ಕೆ ಭಾರೀ ಪ್ರಚಾರ ಸಿಕ್ಕಿತು. ಸಾವಿರಾರು ತಾಯಂದಿರು ಮಗುವಿನ ಚಿಂತೆಯ ಜೊತೆಗೆ ಅಪರಾಧದ ಹೊರೆಯನ್ನೂ ಹೊತ್ತರು.

ಇದನ್ನು ಮೊದಲು ಬಲವಾಗಿ ಪ್ರಶ್ನಿಸಿದವರು ಬರ್ನಾರ್ಡ್ ರಿಮ್‌ಲ್ಯಾಂಡ್. ಅವರು ಮನಶ್ಶಾಸ್ತ್ರಜ್ಞರು ಮಾತ್ರವಲ್ಲ, ಆಟಿಸಂ ಇರುವ ಮಗುವಿನ ತಂದೆಯೂ ಹೌದು. 1964ರಲ್ಲೇ ಅವರು ಇದು ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ ಸ್ಥಿತಿ ಎಂದು ವಾದಿಸಿದ್ದರು. 1977ರಲ್ಲಿ ಬ್ರಿಟನ್ನಿನಲ್ಲಿ ಅವಳಿ ಮಕ್ಕಳ ಮೇಲೆ ನಡೆದ ಅಧ್ಯಯನವು ಇದರಲ್ಲಿ ವಂಶವಾಹಿಗಳ ಪಾತ್ರ ದೊಡ್ಡದೆಂದು ತೋರಿಸಿತು. ತಾಯಿಯ ಪ್ರೀತಿ ಕಡಿಮೆಯಾದುದರಿಂದ ಆಟಿಸಂ ಬರುತ್ತದೆಂದು ಇಂದು ವಿಜ್ಞಾನ ಹೇಳುವುದಿಲ್ಲ.

ಆದರೆ ನಮ್ಮ ಮನೆಗಳಲ್ಲಿ ಆ ಆರೋಪ ಇನ್ನೂ ನಿಂತಿಲ್ಲ. "ನೀನು ಕೆಲಸಕ್ಕೆ ಹೋಗಿದ್ದಕ್ಕೇ ಹೀಗಾಯಿತು", "ಗರ್ಭಿಣಿಯಾಗಿದ್ದಾಗ ಹೇಳಿದ ಮಾತು ಕೇಳಲಿಲ್ಲ", "ಮೊಬೈಲ್ ಕೊಟ್ಟು ಕೆಡಿಸಿದೆ" ಎಂದು ಸೊಸೆಯನ್ನು ದೂರುವವರು ಐವತ್ತು ವರ್ಷ ಹಿಂದಿನ ತಪ್ಪನ್ನೇ ಮತ್ತೆ ಮಾಡುತ್ತಿದ್ದಾರೆ.

ಹಲವು ಹೆಸರುಗಳು ಒಂದಾದವು

ಲಂಡನ್ನಿನ ಡಾ. ಲೋರ್ನಾ ವಿಂಗ್ ಅವರ ಮಗಳಿಗೂ ಆಟಿಸಂ ಇತ್ತು. ಅವರು 1979ರಲ್ಲಿ ಜುಡಿತ್ ಗೌಲ್ಡ್ ಜೊತೆ ನಡೆಸಿದ ಅಧ್ಯಯನದಲ್ಲಿ, ಕ್ಯಾನರ್ ವಿವರಿಸಿದ ಮಕ್ಕಳಷ್ಟೇ ಅಲ್ಲದೆ ಇನ್ನೂ ಅನೇಕ ಮಕ್ಕಳಿಗೆ ಬೆರೆಯುವುದರಲ್ಲಿ, ಮಾತುಕತೆಯಲ್ಲಿ, ಕಲ್ಪನೆಯ ಆಟದಲ್ಲಿ ಇದೇ ಬಗೆಯ ತೊಂದರೆಗಳಿವೆ ಎಂದು ಕಂಡುಕೊಂಡರು. 1981ರಲ್ಲಿ ಅವರೇ 'ಆಸ್ಪರ್ಗರ್ ಸಿಂಡ್ರೋಮ್' ಎಂಬ ಹೆಸರನ್ನು ಇಂಗ್ಲಿಷ್ ಓದುಗರಿಗೆ ಪರಿಚಯಿಸಿದರು.

1994ರಲ್ಲಿ ಡಿ.ಎಸ್.ಎಂ.ನ ನಾಲ್ಕನೇ ಆವೃತ್ತಿ ಬಂದಾಗ ಒಂದೇ ಛತ್ರಿಯ ಕೆಳಗೆ ಐದು ಹೆಸರುಗಳಿದ್ದವು: ಆಟಿಸ್ಟಿಕ್ ಡಿಸಾರ್ಡರ್, ಆಸ್ಪರ್ಗರ್, ರೆಟ್ ಸಿಂಡ್ರೋಮ್, ಕಲಿತದ್ದನ್ನೆಲ್ಲ ಮಗು ಏಕಾಏಕಿ ಕಳೆದುಕೊಳ್ಳುವ ಒಂದು ಅಪರೂಪದ ಸ್ಥಿತಿ, ಮತ್ತು ಇವುಗಳಲ್ಲಿ ಯಾವುದಕ್ಕೂ ಪೂರ್ತಿ ಹೊಂದದ ಮಕ್ಕಳಿಗಾಗಿ 'ಪಿಡಿಡಿ-ಎನ್‌ಒಎಸ್'. ಆ ಛತ್ರಿಯ ಹೆಸರೇ ಪಿಡಿಡಿ. ನಮ್ಮ ಉದಾಹರಣೆಯ ಹುಡುಗನ ಮೊದಲ ಚೀಟಿಯಲ್ಲಿದ್ದದ್ದು ಅದು.

ಆದರೆ ಒಬ್ಬರು ಆಸ್ಪರ್ಗರ್ ಎಂದ ಮಗುವನ್ನು ಇನ್ನೊಬ್ಬರು ಪಿಡಿಡಿ ಎನ್ನುತ್ತಿದ್ದರು. ಗಡಿ ಗೆರೆಗಳು ಗಟ್ಟಿಯಾಗಿರಲಿಲ್ಲ. ಹೀಗಾಗಿ 2013ರ ಐದನೇ ಆವೃತ್ತಿಯಲ್ಲಿ ರೆಟ್ ಹೊರತುಪಡಿಸಿ ಉಳಿದವುಗಳನ್ನೆಲ್ಲ ಸೇರಿಸಿ 'ಆಟಿಸಂ ಸ್ಪೆಕ್ಟ್ರಂ ಡಿಸಾರ್ಡರ್' ಎಂಬ ಒಂದೇ ಹೆಸರಿಡಲಾಯಿತು. ಮಗುವಿಗೆ ಎಷ್ಟು ನೆರವು ಬೇಕೆಂಬುದನ್ನು 1, 2, 3 ಎಂಬ ಹಂತಗಳಿಂದ ಸೂಚಿಸತೊಡಗಿದರು. ರೆಟ್ ಸಿಂಡ್ರೋಮ್‌ಗೆ ಕಾರಣವಾದ ವಂಶವಾಹಿ 1999ರಲ್ಲೇ ಪತ್ತೆಯಾಗಿದ್ದರಿಂದ ಅದನ್ನು ಪ್ರತ್ಯೇಕವಾಗಿಟ್ಟರು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯ 11ನೇ ಆವೃತ್ತಿಯೂ ಇದೇ ದಾರಿ ಹಿಡಿಯಿತು. ಅದು 2022ರ ಜನವರಿ 1ರಂದು ಜಾರಿಗೆ ಬಂತು.

ಹಳೆಯ ಹೆಸರು ಹೋದರೆ ಮಗುವಿಗೆ ಸಿಗುತ್ತಿದ್ದ ನೆರವೂ ಹೋದೀತೆಂದು ಅನೇಕ ಹೆತ್ತವರು ಆಗ ಹೆದರಿದ್ದರು. ಹಿಂದೆ ಸರಿಯಾಗಿ ಗುರುತಿಸಲ್ಪಟ್ಟ ಆಸ್ಪರ್ಗರ್, ಪಿಡಿಡಿ-ಎನ್‌ಒಎಸ್ ಮಕ್ಕಳನ್ನು ಹೊಸ ಹೆಸರಿನಡಿ ಪರಿಗಣಿಸಬೇಕೆಂದು 2013ರ ಕೈಪಿಡಿಯಲ್ಲೇ ಸ್ಪಷ್ಟವಾಗಿ ಬರೆಯಲಾಗಿದೆ.

ಆಸ್ಪರ್ಗರ್ ಎಂಬ ಹೆಸರನ್ನು ಹಲವರು ಕೈಬಿಡಲು ಇನ್ನೊಂದು ಕಾರಣವೂ ಸೇರಿಕೊಂಡಿತು. 2018ರಲ್ಲಿ ಆಸ್ಟ್ರಿಯಾದ ಇತಿಹಾಸಕಾರ ಹೆರ್ವಿಗ್ ಚೆಕ್ ಪ್ರಕಟಿಸಿದ ದಾಖಲೆಗಳ ಪ್ರಕಾರ, ನಾಝಿ ಆಡಳಿತದಲ್ಲಿ ಆಸ್ಪರ್ಗರ್ ಕೆಲವು ಮಕ್ಕಳನ್ನು ವಿಯೆನ್ನಾದ 'ಆಮ್ ಶ್ಪೀಗೆಲ್‌ಗ್ರುಂಡ್' ಎಂಬಲ್ಲಿಗೆ ಕಳುಹಿಸಿದ್ದರು. ಅಲ್ಲಿ ಸುಮಾರು 800 ಮಕ್ಕಳು ಸಾವಿಗೀಡಾದರು. ಸಾಕಲು ಅನರ್ಹರೆಂಬ ಹಣೆಪಟ್ಟಿ ಹಚ್ಚಿ ಕೊಲ್ಲಲ್ಪಟ್ಟವರು ಅವರಲ್ಲಿ ಅನೇಕರು. ಒಂದು ಹೆಸರು ಮಗುವಿನ ಪ್ರಾಣವನ್ನೇ ತೆಗೆಯಬಲ್ಲದು ಎಂಬುದಕ್ಕೆ ಇದಕ್ಕಿಂತ ಕ್ರೂರ ಉದಾಹರಣೆ ಬೇಕಿಲ್ಲ.

ನೆರೆಯ ಹೆಸರುಗಳು

ಆಟಿಸಂನ ಅಕ್ಕಪಕ್ಕದ ಹೆಸರುಗಳೂ ಹೀಗೆಯೇ ಬದಲಾಗಿವೆ. ಒಂದು ಕಡೆ ಕೂರಲಾರದ, ಗಮನ ನಿಲ್ಲದ ಮಕ್ಕಳ ಸ್ಥಿತಿಯನ್ನು 1968ರಲ್ಲಿ 'ಹೈಪರ್‌ಕೈನೆಟಿಕ್ ರಿಯಾಕ್ಷನ್' ಎಂದರು, 1980ರಲ್ಲಿ 'ಎಡಿಡಿ' ಎಂದರು, 1987ರಿಂದ 'ಎಡಿಎಚ್‌ಡಿ' ಎನ್ನುತ್ತಿದ್ದಾರೆ. 1994ರ ನಿಯಮದ ಪ್ರಕಾರ ಒಂದೇ ಮಗುವಿಗೆ ಆಟಿಸಂ ಮತ್ತು ಎಡಿಎಚ್‌ಡಿ ಎರಡನ್ನೂ ಬರೆಯುವಂತಿರಲಿಲ್ಲ. 2013ರ ನಂತರ ಬರೆಯಬಹುದು. ಆದ್ದರಿಂದ ಈಗಿನ ವರದಿಯಲ್ಲಿ ಎರಡು ಹೆಸರು ಕಂಡರೆ ಮಗುವಿಗೆ ಹೊಸ ಕಾಯಿಲೆ ಅಂಟಿಕೊಂಡಿದೆ ಎಂದು ತಿಳಿಯಬೇಕಿಲ್ಲ.

'ಮೆಂಟಲ್ ರಿಟಾರ್ಡೇಶನ್' ಎಂಬುದನ್ನು ಈಗ 'ಬೌದ್ಧಿಕ ವಿಕಲತೆ' ಎನ್ನಲಾಗುತ್ತದೆ. 5 ವರ್ಷದೊಳಗಿನ ಮಕ್ಕಳ ಬುದ್ಧಿಮಟ್ಟವನ್ನು ನಿಖರವಾಗಿ ಅಳೆಯುವುದು ಕಷ್ಟವಾದ್ದರಿಂದ ಅವರಿಗೆ 'ಗ್ಲೋಬಲ್ ಡೆವಲಪ್‌ಮೆಂಟಲ್ ಡಿಲೇ' ಎಂದು ಬರೆಯುವುದುಂಟು. ಅದು ಸದ್ಯಕ್ಕೆ ಇಟ್ಟ ಹೆಸರು. ಮಗು ಬೆಳೆದಂತೆ ಮರುಪರೀಕ್ಷೆ ಮಾಡಿ ಬೇರೆ ಹೆಸರು ಕೊಡಬಹುದು, ಕೊಡದೆಯೂ ಇರಬಹುದು.

ನಮ್ಮ ಕಾನೂನಿನಲ್ಲಿ

ನಮ್ಮ ದೇಶದ 1995ರ ಅಂಗವಿಕಲರ ಕಾಯ್ದೆಯಲ್ಲಿ 7 ವಿಧದ ಅಂಗವೈಕಲ್ಯಗಳಷ್ಟೇ ಇದ್ದವು. ಬುದ್ಧಿಮಾಂದ್ಯತೆ ಅದರಲ್ಲಿತ್ತು, ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಆಟಿಸಂ ಮೊದಲ ಬಾರಿಗೆ ಸೇರಿತು. ಆದರೆ ಪ್ರಮಾಣಪತ್ರದ ವಿಷಯ ಬಂದಾಗ ಅನೇಕ ಆಟಿಸಂ ಮಕ್ಕಳು ಬುದ್ಧಿಮಾಂದ್ಯರ ಸಾಲಿನಲ್ಲೇ ನಿಲ್ಲಬೇಕಾಯಿತು. ಎರಡನೇ ಕಾಗದದ ಗುಟ್ಟು ಇದು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು 21 ವಿಧದ ವೈಕಲ್ಯಗಳನ್ನು ಗುರುತಿಸಿತು. ಆಟಿಸಂ ಸ್ಪೆಕ್ಟ್ರಂ, ಬೌದ್ಧಿಕ ವಿಕಲತೆ, ನಿರ್ದಿಷ್ಟ ಕಲಿಕಾ ತೊಂದರೆ ಇವು ಅದರಲ್ಲಿ ಬೇರೆ ಬೇರೆಯಾಗಿವೆ. ಕಾಯ್ದೆ 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಆಟಿಸಂ ಪ್ರಮಾಣಪತ್ರಕ್ಕಾಗಿ ಬಳಸುವ ಭಾರತೀಯ ಅಳತೆಗೋಲಿನಲ್ಲಿ 40 ಅಂಶಗಳಿದ್ದು, ಪ್ರತಿಯೊಂದಕ್ಕೂ 1ರಿಂದ 5ರ ತನಕ ಅಂಕ ಕೊಡುತ್ತಾರೆ. ಇದನ್ನು ಸಿದ್ಧಪಡಿಸಿದ್ದು ಸಿಕಂದರಾಬಾದ್‌ನ ರಾಷ್ಟ್ರೀಯ ಬುದ್ಧಿಮಾಂದ್ಯರ ಸಂಸ್ಥೆ. ಆ ಸಂಸ್ಥೆಯ ಹೆಸರೂ ಈಗ ಬದಲಾಗಿ ಬೌದ್ಧಿಕ ವಿಕಲಚೇತನರ ಸಬಲೀಕರಣ ಸಂಸ್ಥೆಯಾಗಿದೆ.

ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಕತೆಯೂ ಇಂಥದ್ದೇ. ಮೈಸೂರು ಸರಕಾರದ 'ಲುನಾಟಿಕ್ ಅಸೈಲಂ' 1925ರಲ್ಲಿ 'ಮೆಂಟಲ್ ಹಾಸ್ಪಿಟಲ್' ಆಯಿತು. 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೊಂದಿಗೆ 1974ರಲ್ಲಿ ವಿಲೀನಗೊಂಡು ನಿಮ್ಹಾನ್ಸ್ ಆಯಿತು. ಆದರೂ ಮಗುವನ್ನು ಅಲ್ಲಿಗೆ ಕರೆದೊಯ್ಯೋಣ ಎಂದರೆ, "ಹುಚ್ಚಾಸ್ಪತ್ರೆಗಾ?" ಎಂದು ಕೇಳುವ ಬಂಧುಗಳು ಇದ್ದಾರೆ. ಬೋರ್ಡು ಬದಲಾದಷ್ಟು ಬೇಗ ಜನರ ಮನಸ್ಸು ಬದಲಾಗುವುದಿಲ್ಲ.

ಆಟಿಸಂ ಹೆಚ್ಚುತ್ತಿದೆಯೇ?

ಅಮೆರಿಕದ ಸರಕಾರಿ ಲೆಕ್ಕದಂತೆ 2000ದಲ್ಲಿ 8 ವರ್ಷದ 150 ಮಕ್ಕಳಲ್ಲಿ ಒಬ್ಬರಿಗೆ ಆಟಿಸಂ ಇತ್ತು. 2022ರ ಲೆಕ್ಕದಲ್ಲಿ 31ರಲ್ಲಿ ಒಬ್ಬರಿಗೆ. ಇಡೀ ಜಗತ್ತಿನಲ್ಲಿ 2021ರಲ್ಲಿ 127 ಮಂದಿಯಲ್ಲಿ ಒಬ್ಬರಿಗೆ ಇತ್ತೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಇಂಥ ಅಂಕಿಗಳನ್ನು ನೋಡಿ ಗಾಬರಿಯಾಗುವ ಮೊದಲು, ಹೆಸರಿನ ವ್ಯಾಪ್ತಿಯೇ ಹಿಗ್ಗಿದೆ ಎಂಬುದನ್ನು ನೆನಪಿಡಬೇಕು. ಹಿಂದೆ 'ಮಂದ', 'ಮೂಗ', 'ಹಟಮಾರಿ', 'ಒಂಟಿ ಸ್ವಭಾವದವನು' ಎನಿಸಿಕೊಂಡಿದ್ದ ಅನೇಕರು ಇಂದು ಈ ಹೆಸರಿನೊಳಗೆ ಬರುತ್ತಾರೆ. ವೈದ್ಯರ, ಶಿಕ್ಷಕರ ಅರಿವೂ ಹೆಚ್ಚಿದೆ.

ಈ ಗಾಬರಿಯ ಲಾಭ ಪಡೆದ ಒಂದು ಸುಳ್ಳನ್ನು ಹೇಳಲೇಬೇಕು. 1998ರಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಎಂಬ ಬ್ರಿಟಿಷ್ ವೈದ್ಯ 12 ಮಕ್ಕಳ ಮೇಲಿನ ಲೇಖನದಲ್ಲಿ ದಡಾರ ಮುಂತಾದವುಗಳಿಗೆ ಹಾಕುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸಿದ್ದರು. 2010ರಲ್ಲಿ ಆ ಲೇಖನವನ್ನು ಪತ್ರಿಕೆ ಹಿಂತೆಗೆದುಕೊಂಡಿತು, ಅದೇ ವರ್ಷ ವೇಕ್‌ಫೀಲ್ಡ್ ಹೆಸರನ್ನು ವೈದ್ಯರ ಪಟ್ಟಿಯಿಂದ ತೆಗೆದುಹಾಕಲಾಯಿತು. 2019ರಲ್ಲಿ ಡೆನ್ಮಾರ್ಕ್‌ನ 6,57,461 ಮಕ್ಕಳ ಅಧ್ಯಯನ ಪ್ರಕಟವಾಯಿತು. ಲಸಿಕೆಯಿಂದ ಆಟಿಸಂ ಹೆಚ್ಚುವುದಿಲ್ಲ ಎಂದು ಅದು ತೋರಿಸಿತು. ಲಸಿಕೆ ಹಾಕಿಸದಿದ್ದರೆ ಆಟಿಸಂ ತಪ್ಪುವುದಿಲ್ಲ, ದಡಾರ ಮಾತ್ರ ಬರಬಹುದು.

ಪುಸ್ತಕದಲ್ಲಿಲ್ಲದ ಹೆಸರುಗಳು

ಹೂಡಿಯಂಥ ಕಡೆ ಇತ್ತೀಚೆಗೆ ಕೇಳಿಬರುವ ಹೆಸರು 'ವರ್ಚುವಲ್ ಆಟಿಸಂ'. ಮೊಬೈಲ್, ಟಿವಿ ನೋಡಿಯೇ ಮಗುವಿಗೆ ಹೀಗಾಗಿದೆ, ಮೊಬೈಲ್ ತೆಗೆದರೆ ಸರಿಹೋಗುತ್ತದೆ ಎಂಬುದು ಇದರ ಭರವಸೆ. ಇಂಥ ಹೆಸರು ಡಿ.ಎಸ್.ಎಂ.ನಲ್ಲಾಗಲಿ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಾಗಲಿ ಇಲ್ಲ. ಪುಟ್ಟ ಮಕ್ಕಳಿಂದ ಮೊಬೈಲನ್ನು ದೂರವಿಡುವುದು ಒಳ್ಳೆಯದೇ. ಆದರೆ ಅದೊಂದೇ ಸಾಕೆಂದು ತಪಾಸಣೆಯನ್ನು ಮುಂದೂಡಿದರೆ ಕಳೆದುಹೋಗುವುದು ಮಗುವಿನ ಅಮೂಲ್ಯ ಸಮಯ.

ಭಾಷೆಯನ್ನು ದೂರುವವರೂ ಇದ್ದಾರೆ. ನಮ್ಮ ಮನೆಗಳಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಮದ್ರಸದಲ್ಲಿ ಅರಬಿ. ಇಷ್ಟೊಂದು ಭಾಷೆಗಳಿಂದ ಮಗು ಗೊಂದಲಕ್ಕೊಳಗಾಗಿದೆ ಎನ್ನುತ್ತಾರೆ. ಒಂದಕ್ಕಿಂತ ಹೆಚ್ಚು ಭಾಷೆ ಕೇಳುವುದರಿಂದ ಆಟಿಸಂ ಬರುವುದಿಲ್ಲ. ಅಂಥ ಮಕ್ಕಳ ಮಾತು ಅದರಿಂದ ಇನ್ನಷ್ಟು ಹಿಂದುಳಿಯುವುದೂ ಇಲ್ಲ ಎಂದು ಅಧ್ಯಯನಗಳು ತೋರಿಸಿವೆ. ತಾಯಿ ತನಗೆ ಸಹಜವಾದ ಭಾಷೆಯನ್ನು ಬಿಟ್ಟು ತಡವರಿಸುವ ಇಂಗ್ಲಿಷಿನಲ್ಲಿ ಮಗುವನ್ನು ಮಾತಾಡಿಸುವ ಅಗತ್ಯವಿಲ್ಲ.

ಇನ್ನು 'ನಜರ್', 'ಅಸರ್', 'ಸಾಯಾ' ಎಂಬ ಹೆಸರುಗಳು. ಮಗುವಿನ ಮೇಲೆ ಏನೋ ಸೋಂಕಿದೆ ಎಂದು ನಂಬಿಸಿ ತಾಯತ, ಹೊಗೆ, ಮಂತ್ರಿಸಿದ ನೀರೆಂದು ಹಣ ಕೀಳುವವರ ಹಿಂದೆ ಅಲೆಯುವ ಕುಟುಂಬಗಳಿವೆ. ಮಗುವಿಗಾಗಿ ದುಆ ಮಾಡುವುದು ತಾಯಿಯ ಹಕ್ಕು, ಅದು ಆಕೆಯ ಬಲ. ಆದರೆ ಕಾಯಿಲೆಗೆ ಚಿಕಿತ್ಸೆ ಪಡೆಯಿರೆಂದು ಕಲಿಸಿದವರೂ ಪ್ರವಾದಿವರ್ಯರೇ(ಸ). ಎರಡನ್ನೂ ಜೊತೆಯಾಗಿ ಮಾಡಬೇಕು. 'ಪೂರ್ತಿ ಗುಣಪಡಿಸುತ್ತೇವೆ' ಎಂದು ಲಕ್ಷಗಟ್ಟಲೆ ಪಡೆಯುವ ಆಧುನಿಕ ವೇಷದ ಮೋಸಗಳೂ ಇವೆ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಶಿಫಾರಸು ಮಾಡಲಾಗದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ತಿಳಿಸಿದೆ.

ಹೆತ್ತವರು ಏನು ಮಾಡಬಹುದು?

* ಒಂದು ವರ್ಷವಾದರೂ ಹೆಸರು ಕರೆದರೆ ತಿರುಗಿ ನೋಡದಿದ್ದರೆ, ಒಂದೂವರೆ ವರ್ಷವಾದರೂ ಬೇಕಾದ ವಸ್ತುವನ್ನು ಬೆರಳು ಮಾಡಿ ತೋರಿಸದಿದ್ದರೆ, ಎರಡು ವರ್ಷಕ್ಕೆ ಎರಡು ಪದ ಕೂಡಿಸಿ ಹೇಳದಿದ್ದರೆ, ಕಲಿತ ಮಾತನ್ನು ಮರೆತರೆ ಕಾಯಬೇಡಿ. ಕಿವಿ ಪರೀಕ್ಷೆಯನ್ನೂ ಮಾಡಿಸಿ.

* ಅಂಗನವಾಡಿ ಮತ್ತು ಸರಕಾರಿ ಶಾಲೆಯ ಮಕ್ಕಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಉಚಿತ ತಪಾಸಣೆಯಿದೆ. ನಿಮ್ಹಾನ್ಸ್‌ನ ಮಕ್ಕಳ ವಿಭಾಗ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಸರಕಾರದವು. ಇಂದಿರಾನಗರದಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಇದೆ. 2023ರಿಂದ ಹೂಡಿಯಿಂದ ಮೆಟ್ರೋದಲ್ಲಿ ನೇರವಾಗಿ ಇಂದಿರಾನಗರಕ್ಕೆ ಹೋಗಬಹುದು.

* ಖಾಸಗಿ ಥೆರಪಿ ಕೇಂದ್ರಕ್ಕೆ ಹೋದರೆ, ಮಗುವಿಗೆ ಕಲಿಸುವ ವಾಕ್ ತಜ್ಞರು, ವಿಶೇಷ ಶಿಕ್ಷಕರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರೇ ಎಂದು ಕೇಳಿ. ಕೇಳಲು ಸಂಕೋಚ ಬೇಡ.

* ಅಂತಿಮ ಹೆಸರು ತಿಳಿದ ಮೇಲೆ ಆರಂಭಿಸೋಣವೆಂದು ಕಾಯಬೇಡಿ. ಮಾತು, ಆಟ, ದಿನಚರಿಯ ತರಬೇತಿಯನ್ನು ಹೆಸರಿನ ಬಗ್ಗೆ ಅನುಮಾನವಿರುವಾಗಲೇ ಶುರು ಮಾಡಬಹುದು.

* ಹಳೆಯ ಕಾಗದಗಳನ್ನು ಎಸೆಯಬೇಡಿ. ದಿನಾಂಕದ ಕ್ರಮದಲ್ಲಿ ಜೋಡಿಸಿಡಿ. ಪ್ರಮಾಣಪತ್ರದಲ್ಲಿ ಹಳೆಯ ಹೆಸರಿದ್ದರೆ ಮರುಪರೀಕ್ಷೆ ಮಾಡಿಸಿ ಯುಡಿಐಡಿ ಕಾರ್ಡ್ ಪಡೆಯಿರಿ. ಕಾಯ್ದೆ ನಿಗದಿಪಡಿಸಿದ ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವಿದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಮಗುವಿನ ಹಕ್ಕು. ರಾಷ್ಟ್ರೀಯ ನ್ಯಾಸದ ನಿರಾಮಯ ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆಯಿದೆ.

* ಮಗುವಿಗೆ 18 ತುಂಬಿದ ಮೇಲೂ ಸ್ವಂತವಾಗಿ ವ್ಯವಹರಿಸಲಾಗದಿದ್ದರೆ, ಜಿಲ್ಲಾಧಿಕಾರಿಯವರ ನೇತೃತ್ವದ ಸ್ಥಳೀಯ ಸಮಿತಿಯ ಮೂಲಕ ಕಾನೂನುಬದ್ಧ ಪಾಲಕರನ್ನು ನೇಮಿಸಿಕೊಳ್ಳುವ ಅವಕಾಶವಿದೆ. ಅದರ ಬಗ್ಗೆ ಮೊದಲೇ ವಿಚಾರಿಸಿಡಿ.

ಸಮುದಾಯದ ಹೊಣೆ

ವೈದ್ಯರು ಕೊಡುವ ಹೆಸರಿನಿಂದ ಮಗುವಿಗೆ ನೆರವಿನ ಬಾಗಿಲು ತೆರೆಯುತ್ತದೆ. ಬೀದಿಯಲ್ಲಿ ಕೊಡುವ 'ಪಾಗಲ್', 'ಗೂಂಗಾ' ಎಂಬ ಹೆಸರುಗಳಿಂದ ಇರುವ ಬಾಗಿಲೂ ಮುಚ್ಚುತ್ತದೆ. ಪವಿತ್ರ ಕುರ್‌ಆನ್ ಸೂರಃ ಅಲ್ ಹುಜುರಾತ್‌ನ 11ನೇ ಸೂಕ್ತದಲ್ಲಿ ಇತರರನ್ನು ಗೇಲಿ ಮಾಡುವುದನ್ನೂ ಕೆಟ್ಟ ಅಡ್ಡಹೆಸರುಗಳಿಂದ ಕರೆಯುವುದನ್ನೂ ನಿಷೇಧಿಸಿದೆ. ದೊಡ್ಡವರಿಗೇ ಈ ನಿಯಮವಿರುವಾಗ ಉತ್ತರ ಕೊಡಲೂ ಆಗದ ಮಗುವಿನ ವಿಷಯದಲ್ಲಿ ನಾವು ಎಷ್ಟು ಎಚ್ಚರವಾಗಿರಬೇಕು! ಅಂಧರಾಗಿದ್ದ ಅಬ್ದುಲ್ಲಾ ಬಿನ್ ಉಮ್ಮು ಮಕ್ತೂಮ್‌ರ(ರ) ವಿಷಯದಲ್ಲೇ ಸೂರಃ ಅಬಸ ಅವತೀರ್ಣವಾಯಿತು. ಪ್ರವಾದಿವರ್ಯರು(ಸ) ಅವರನ್ನು ಅದಾನ್ ಕೊಡುವವರನ್ನಾಗಿ ನೇಮಿಸಿದರು, ಮದೀನಾದಿಂದ ಹೊರಗೆ ಹೋಗುವಾಗ ಊರಿನ ಹೊಣೆಯನ್ನೂ ಅವರಿಗೆ ಒಪ್ಪಿಸಿದ್ದುಂಟು.

ಮಸೀದಿಯಲ್ಲಿ ಸಾಲಿನ ನಡುವೆ ಓಡಾಡುವ, ಒಮ್ಮೆಲೇ ಕೂಗುವ ಮಗುವನ್ನು ಕಂಡು ತಂದೆಯನ್ನು ಗದರಿಸುವವರು, ಪ್ರವಾದಿವರ್ಯರು(ಸ) ಮೊಮ್ಮಗಳು ಉಮಾಮಾಳನ್ನು ಎತ್ತಿಕೊಂಡೇ ನಮಾಝ್ ನಿರ್ವಹಿಸಿದ್ದನ್ನು ನೆನಪಿಸಿಕೊಳ್ಳಲಿ. ಮಗುವಿನ ಅಳು ಕೇಳಿ ಅವರು ನಮಾಝನ್ನೇ ಚಿಕ್ಕದಾಗಿಸುತ್ತಿದ್ದರು. ಮದುವೆ ಮನೆಯ ಗದ್ದಲ ತಡೆಯಲಾರದೆ ಮಗು ಕಿವಿ ಮುಚ್ಚಿಕೊಂಡರೆ ತಾಯಿಗೆ ಬುದ್ಧಿ ಹೇಳುವ ಬದಲು ಒಂದು ಶಾಂತವಾದ ಕೋಣೆ ತೋರಿಸಿದರೆ ಅದೇ ದೊಡ್ಡ ಉಪಕಾರ. ಮದ್ರಸದ ಉಸ್ತಾದರು ಇಂಥ ಮಗುವಿಗೆ ಒಂದು ಸಣ್ಣ ಸೂರಃವನ್ನು ನಿಧಾನವಾಗಿ, ಚಿತ್ರ ತೋರಿಸಿಯೋ ಹಾಡಿಯೋ ಕಲಿಸಲು ಸಮಯ ಮೀಸಲಿಡಬಹುದು. ಜಮಾಅತ್‌ಗಳು ತಮ್ಮ ಝಕಾತ್, ಸದಕಾ ನಿಧಿಯಿಂದ ಬಡ ಮಕ್ಕಳ ಥೆರಪಿಯ ಖರ್ಚನ್ನು ವಹಿಸಬಹುದು.

ಮುಂದಿನ ಪುಸ್ತಕದಲ್ಲಿ ಈಗಿನ ಹೆಸರೂ ಬದಲಾಗಬಹುದು. ಆಗಲೂ ಹೆದರಬೇಕಾಗಿಲ್ಲ. ಆ ಹೆಸರು ಬರುವ ಹೊತ್ತಿಗೆ ನಮ್ಮ ಮಗು ತನ್ನ ಕೈಯಾರೆ ಉಣ್ಣಲು, ಬೇಕಾದ್ದನ್ನು ಕೇಳಲು, ನಾಲ್ಕು ಜನರ ನಡುವೆ ಹೆದರದೆ ಕೂರಲು ಕಲಿತಿದೆಯೇ ಎಂಬುದಷ್ಟೇ ಮುಖ್ಯ. ಅಲ್ಲಾಹನು ಆ ಹೆತ್ತವರಿಗೆ ಸಹನೆಯನ್ನೂ ನಮಗೆಲ್ಲರಿಗೂ ಅವರ ಜೊತೆ ನಿಲ್ಲುವ ಮನಸ್ಸನ್ನೂ ಕರುಣಿಸಲಿ.